ಗಾಳಿ ಲೆಕ್ಕ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವುದು ದಾಸವಾಳದ ಬೇಲಿ. ಗಿಡ ನೆಟ್ಟವನು ನಾನು, ಹೂ ಕೀಳುವವರು ಅವರು. ಈ ಒಪ್ಪಂದ ಯಾವಾಗ ಆಯಿತೋ ಇಬ್ಬರಿಗೂ ನೆನಪಿಲ್ಲ. ಬೇಲಿಯಲ್ಲಿ ಒಂದು ಕಡೆ ಗಿಡ ಒಣಗಿ ಸಂದಿ ಬಿದ್ದಿತ್ತು. ಅಲ್ಲಿಗೆ ಹಳೆಯ ಕಬ್ಬಿಣದ ಪೈಪೊಂದನ್ನು ಕಂಬ ಮಾಡಿ ನೆಟ್ಟಿದ್ದೇವೆ. ನಮ್ಮ ಹರಟೆಯೆಲ್ಲ ನಡೆಯುವುದು ಆ ಕಂಬದ ಬುಡದಲ್ಲೇ. ಪೈಪಿನ ಬಾಯಿ ಗರಗಸದಲ್ಲಿ ಕುಯ್ದಿದ್ದು, ಇನ್ನೂ ಹರಿತ. ಮಾತಿನ ಭರದಲ್ಲಿ ಮೊಣಕೈ ಊರಿದರೆ ಚುರ್ ಅನ್ನುತ್ತದೆ. ಅದನ್ನು ಉಜ್ಜಿಸಿ ನುಣುಪು ಮಾಡಿಸೋಣ ಎಂದರೆ ಎರಡೂ ಮನೆಯ ಹೆಂಗಸರು ಬೇಡ ಎನ್ನುತ್ತಾರೆ. ಅಷ್ಟಾದರೂ ಚುಚ್ಚದಿದ್ದರೆ ಇವರು ಊಟಕ್ಕೂ ಒಳಗೆ ಬರುವುದಿಲ್ಲ ಎಂಬುದು ಅವರ ವಾದ.

ಆವತ್ತು ಬೆಳಿಗ್ಗೆ ಮೇಷ್ಟ್ರು ಹೂಬುಟ್ಟಿ ಹಿಡಿದೇ ಶುರು ಮಾಡಿದರು.

“ಏನ್ರೀ, ರಾತ್ರಿ ಹನ್ನೊಂದು ಗಂಟೆಗೆ ಬಂದ್ರಲ್ಲ, ನಿಮ್ಮ ಕಾರು ಯಾಕೆ ಹಾಗೆ ಏದುಸಿರು ಬಿಡ್ತಿತ್ತು?”

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಅವರಿಗೆ ಕಾರಿಲ್ಲ, ಡ್ರೈವಿಂಗೂ ಬರುವುದಿಲ್ಲ. ಆದ್ದರಿಂದಲೇ ನನ್ನ ಕಾರಿನ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ಬಿಡುವಿದೆ.

ನಡೆದದ್ದು ಇಷ್ಟು. ಮಂಗಳೂರಲ್ಲಿ ಮದುವೆ ಮುಗಿಸಿಕೊಂಡು ಸಂಜೆ ಹಾಸನಕ್ಕೆ ಹೊರಟೆವು. ಗುಂಡ್ಯದವರೆಗೆ ಕಾರು ಹೂವಿನ ಹಾಗೆ ಬಂತು. ಅಲ್ಲಿ ಚಹಾ ಕುಡಿದು ಶಿರಾಡಿ ಘಾಟಿ ಏರತೊಡಗಿದ ಮೇಲೆ ಅದಕ್ಕೆ ಏನೋ ಆಯಿತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ನೆಲಕ್ಕೆ ಮುಟ್ಟುವಷ್ಟು ತುಳಿದರೂ ಪಿಕಪ್ಪೇ ಇಲ್ಲ. ಎಲ್ಲಿಂದಲೋ ‘ಸ್ಸ್’ ಎಂಬ ಶಬ್ದ. ಹಿಂದೆ ನೋಡಿದರೆ ನಮ್ಮದೇ ಹೊಗೆ, ಮದುವೆ ಮನೆಯ ಕೋಡಿ ಒಲೆಯ ಹಾಗೆ, ಕಪ್ಪಗೆ. ಸ್ವಲ್ಪ ಹೊತ್ತಿಗೆ ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಹತ್ತಿಕೊಂಡಿತು. ಅದಾದ ಮೇಲೆ ಹೊಗೆಯೂ ನಿಂತಿತು, ಇದ್ದ ಚೂರುಪಾರು ಜೀವವೂ ಹೋಯಿತು. ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರೊಂದು ಹಾರ್ನ್ ಹೊಡೆದು ನಮ್ಮನ್ನು ದಾಟಿಕೊಂಡು ಹೋಯಿತು. ಘಾಟಿಯಲ್ಲಿ ಟ್ಯಾಂಕರನ್ನು ಹಿಂದೆ ಹಾಕಲು ಜನ ಒದ್ದಾಡುತ್ತಾರೆ. ಟ್ಯಾಂಕರೇ ನಮ್ಮನ್ನು ಹಿಂದೆ ಹಾಕಿದ್ದು ನಮ್ಮ ವಂಶದಲ್ಲೇ ಮೊದಲು. ನಿಲ್ಲಿಸಿ, ಕೀಲಿ ತೆಗೆದು, ಮತ್ತೆ ಸ್ಟಾರ್ಟ್ ಮಾಡಿದರೆ ಎರಡು ತಿರುವು ಸರಿಯಾಗಿ ಹೋಗುತ್ತದೆ, ಮತ್ತೆ ಅದೇ ರಾಗ. ಹೀಗೆ ನಿಂತು ನಿಂತು, ಸಕಲೇಶಪುರ ಕಂಡಾಗ ಕಾಶಿ ಕಂಡಷ್ಟು ಸಂತೋಷವಾಯಿತು.

ದಾರಿಯಲ್ಲೇ ರೋಗನಿದಾನ ಶುರುವಾಗಿತ್ತು. ಹಿಂದಿನ ಸೀಟಿನಲ್ಲಿದ್ದ ನನ್ನ ಭಾವ “ಡೀಸೆಲ್ ಕಲಬೆರಕೆ” ಎಂದು ತೀರ್ಪು ಕೊಟ್ಟು ನಿದ್ದೆ ಹೋದರು. ಬೆಳಿಗ್ಗೆ ಹಾಲಿನವನು “ಕ್ಲಚ್ ಹೋಗಿದೆ ಸಾರ್” ಎಂದ. ನಮ್ಮಮ್ಮನಿಗೆ ಅನುಮಾನವೇ ಇಲ್ಲ: “ಹೊತ್ತು ಮುಳುಗಿದ ಮೇಲೆ ಘಾಟಿ ಹತ್ತಿದ್ದೀರಿ. ಯಾವುದೋ ಗಾಳಿ ಸೋಕಿದೆ.” ಬಾನೆಟ್ಟಿಗೆ ಒಂದು ನಿಂಬೆಹಣ್ಣು ನಿವಾಳಿಸಿ ಚಕ್ರದ ಕೆಳಗೆ ಇಟ್ಟೂ ಬಿಟ್ಟರು.

ಮೇಷ್ಟ್ರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು. “ತುಳಿದಾಗ ಇಂಜಿನ್ ಸುತ್ತೋ ಮುಳ್ಳು ಮೇಲೇಳ್ತಿತ್ತೋ, ಇಲ್ಲವೋ?”

“ಇಲ್ಲ. ಅದೂ ಅಲ್ಲೇ ಕೂತಿತ್ತು.”

“ಹಾಗಾದ್ರೆ ಹಾಲಿನವನು ಹಾಲು ಹಾಕಲಿ, ಸಾಕು. ಕ್ಲಚ್ ಜಾರಿದ್ರೆ ಇಂಜಿನ್ ಬೊಬ್ಬೆ ಹಾಕುತ್ತೆ, ಕಾರು ಓಡೋದಿಲ್ಲ. ಇಲ್ಲಿ ಇಂಜಿನ್ನೇ ಸುಸ್ತು. ನಿಮ್ಮ ತಾಯಿಯವರು ಹೇಳಿದ್ದೇ ಹೆಚ್ಚುಕಡಿಮೆ ಸರಿ ನೋಡಿ. ಇದು ಗಾಳಿ ತೊಂದರೆಯೇ. ಸೋಕಿದ್ದಲ್ಲ, ಸಾಲದೇ ಹೋದದ್ದು.”

ಕಾರನ್ನು ಮೊದಲು ಒಯ್ದದ್ದು ಗಾಜಿನ ಗೋಡೆಯ ದೊಡ್ಡ ಸರ್ವಿಸ್ ಸೆಂಟರಿಗೆ. ಹೆಸರು ಬೇಡ. ಇಸ್ತ್ರಿ ಮಾಡಿದ ಅಂಗಿಯ ಹುಡುಗ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದ. ಪಿ 0299 ಎಂಬ ಕೋಡ್ ಬಂತು. ಬಾನೆಟ್ ಎತ್ತದೆಯೇ “ಟರ್ಬೊ ಹೋಗಿದೆ ಸರ್” ಎಂದ. ಎಲ್ಲ ಸೇರಿ 70 ಸಾವಿರ. ಮುಂಗಡ ಕೊಟ್ಟರೆ ಹತ್ತು ದಿನದಲ್ಲಿ ಬರುತ್ತದಂತೆ. ನನಗೆ ಕೂತ ಕುರ್ಚಿಯಲ್ಲೇ ಗಾಳಿ ಇಳಿದುಹೋಯಿತು.

ಸಂಜೆ ಬೇಲಿಯ ಹತ್ತಿರ ಮೇಷ್ಟ್ರು ಆ ಚೀಟಿ ಇಸಕೊಂಡು ಕನ್ನಡಕ ಏರಿಸಿದರು. ಪಿ 0299 ಎಂದರೆ, ಇಂಜಿನ್ನಿನ ಕಂಪ್ಯೂಟರು ಕೇಳಿದಷ್ಟು ಗಾಳಿಯ ಒತ್ತಡ ಬರಲಿಲ್ಲ ಎಂದು ಅರ್ಥ. ಅದರ ಅಣ್ಣ ಪಿ 0234. ಅದು ಕೇಳಿದ್ದಕ್ಕಿಂತ ಹೆಚ್ಚು ಬಂತು ಎಂಬ ದೂರು. ಯಾಕೆ ಬರಲಿಲ್ಲ ಎಂಬುದನ್ನು ಕೋಡ್ ಹೇಳುವುದಿಲ್ಲ, ಹೇಳಲು ಅದಕ್ಕೆ ಬರುವುದೂ ಇಲ್ಲ.

“ನಾನು ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಬರೀತಿದ್ದೆ. ಹುಡುಗನಿಗೆ ಜ್ವರವೋ, ಎಮ್ಮೆ ಮೇಯಿಸೋಕೆ ಹೋಗಿದ್ದಾನೋ, ಸಿನಿಮಾಕ್ಕೆ ಹೋಗಿದ್ದಾನೋ, ಆ ಪುಸ್ತಕಕ್ಕೆ ಗೊತ್ತಾ? ನಿಮ್ಮ ಸರ್ವಿಸ್ ಸೆಂಟರಿನೋರು ‘ಗೈರು’ ಅಂತ ಓದಿ ಹುಡುಗ ಸತ್ತೇ ಹೋದ ಅಂತ ತಿಥಿಗೆ ಪಟ್ಟಿ ಬರೀತಿದ್ದಾರೆ.”

ಇಲ್ಲಿ ಟರ್ಬೊ ಅಂದರೆ ಏನು ಎಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗೊತ್ತಿದ್ದವರು ಒಂದು ಪ್ಯಾರಾ ಹಾರಿಸಿ. ಸೌದೆ ಒಲೆ ಕಂಡವರಿಗೆ ಇದು ಸುಲಭ. ಒಲೆಗೆ ಎಷ್ಟೇ ಸೌದೆ ತುರುಕಿ, ಗಾಳಿ ಸಾಲದಿದ್ದರೆ ಉರಿ ಬರುವುದಿಲ್ಲ, ಹೊಗೆ ಬರುತ್ತದೆ. ಆಗ ಅಜ್ಜಿ ಊದುಗೊಳವೆ ಹಿಡಿದು ಊದುತ್ತಿದ್ದಳು. ಕಮ್ಮಾರನ ಕುಲುಮೆಯಲ್ಲಿ ಅದೇ ಕೆಲಸ ತಿದಿಯದು. ಟರ್ಬೊ ಎಂದರೆ ಇಂಜಿನ್ನಿನ ಊದುಗೊಳವೆ. ವ್ಯತ್ಯಾಸ ಏನೆಂದರೆ, ಇಲ್ಲಿ ಊದುವ ಅಜ್ಜಿಗೆ ಬಲ ಬರುವುದು ಒಲೆಯ ಹೊಗೆಯಿಂದಲೇ. ಸೈಲೆನ್ಸರಿನ ಕಡೆ ಹೊರಟ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಗಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ಹೀಗೆ ಹೆಚ್ಚಿದ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ತಣಿಸಿ ಇಂಜಿನ್ನಿಗೆ ಬಿಡುತ್ತಾರೆ. ಈ ಎಲ್ಲದರ ನಡುವೆ ಮಾರುಗಟ್ಟಲೆ ರಬ್ಬರ್ ಪೈಪು, ಕ್ಲಿಪ್ಪು. ಇವುಗಳ ಹೆಸರನ್ನು ಯಾವ ಜಾಹೀರಾತೂ ಎತ್ತುವುದಿಲ್ಲ.

ಸೈಲೆನ್ಸರಿಗೆ ಹೋಗುವ ಹೊಗೆಯಲ್ಲೂ ಕಸುವಿದೆ ಎಂದು ಕಂಡುಕೊಂಡು 1905ರಲ್ಲಿ ಪೇಟೆಂಟ್ ಪಡೆದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ. ಟರ್ಬೊ ಮೊದಲು ಹೆಸರು ಮಾಡಿದ್ದು ನನ್ನ ಹಾಗೆಯೇ ಎತ್ತರಕ್ಕೆ ಏರಿ ಉಸಿರು ಕಟ್ಟಿದವರಿಂದ. ವಿಮಾನ ಮೇಲೇರಿದಂತೆ ಗಾಳಿ ತೆಳ್ಳಗಾಗಿ ಇಂಜಿನ್ ಸೊರಗುತ್ತಿತ್ತು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಇಂಜಿನಿಯರು ಲಿಬರ್ಟಿ ಎಂಬ ವಿಮಾನದ ಇಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟ ಹತ್ತಿದ. 14,000 ಅಡಿ. ಕೆಳಗೆ ಸುಮಾರು 350 ಕುದುರೆ ಬಲವಿದ್ದ ಇಂಜಿನ್ನು ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಕೂಡಿಸಿದ ಮೇಲೆ ಮತ್ತೆ 350 ದಾಟಿತು. ಕಾರಿಗೆ ಬಂದದ್ದು 1962ರಲ್ಲಿ. ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಕಾರು ಬಂತು. ಅದರ ಕಥೆ ಮಜವಾಗಿದೆ. ಸಿಲಿಂಡರಿನೊಳಗೆ ಇಂಧನ ಹೊತ್ತುಗೆಟ್ಟು ಸಿಡಿಯದಿರಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಡಬ್ಬಿಯಲ್ಲಿ ತುಂಬಬೇಕಿತ್ತು. ಅದು ಬರಿದಾದರೆ ಕಾರು ತಾನಾಗಿ ಬೂಸ್ಟ್ ಕಡಿಮೆ ಮಾಡಿಕೊಳ್ಳುತ್ತಿತ್ತು. ತುಂಬಲು ಮರೆತವರೆಲ್ಲ ‘ಪಿಕಪ್ ಇಲ್ಲ’ ಎಂದು ಅಂಗಡಿಗೆ ಬರುತ್ತಿದ್ದರು. ಬೇಸತ್ತ ಎಷ್ಟೋ ಜನ ಟರ್ಬೊವನ್ನೇ ಕಿತ್ತು ಹಾಕಿಸಿದರು. ಸಾರಾಯಿ ಮುಗಿದ ಕೂಡಲೇ ಕೆಲಸ ನಿಲ್ಲಿಸುವ ಆಳನ್ನು ಎಷ್ಟು ದಿನ ಸಾಕಲಾದೀತು?

ಮೇಷ್ಟ್ರ ಮೊಮ್ಮಗ ಬೆಂಗಳೂರಿನಿಂದ ಬರುವಾಗ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಪ್ಲಗ್ ತಂದಿದ್ದ. ಕಾರಿನ ಸಾಕೆಟ್ಟಿಗೆ ಚುಚ್ಚಿದರೆ ಇಂಜಿನ್ನಿನ ಒಳಗುಟ್ಟೆಲ್ಲ ಬ್ಲೂಟೂತ್‌ನಲ್ಲಿ ಮೊಬೈಲಿಗೆ ಬರುತ್ತದೆ. ಹುಡುಗ ಅದನ್ನು ಮರೆತು ಹೋಗಿದ್ದ. ಮೇಷ್ಟ್ರು ಅದನ್ನು ಹಿಡಿದು ಬೇಲಿ ದಾಟಿಯೇ ಬಂದರು. ಕೀಲಿ ತಿರುಗಿಸಿದೆ, ಇಂಜಿನ್ ಸ್ಟಾರ್ಟ್ ಮಾಡಲಿಲ್ಲ. ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಎಷ್ಟೆಂದು ನೋಡಿದರೆ 90 ಕಿಲೋ ಪಾಸ್ಕಲ್.

ಆ ಹೊತ್ತಿಗೆ ಭಾವನೂ ಬಂದಿದ್ದರು. “ಸಿಕ್ತು ನೋಡಿ! ವಾತಾವರಣದ ಒತ್ತಡ 101 ಇರಬೇಕು, ಇಂಟರ್‌ನೆಟ್ಟಲ್ಲಿದೆ. ಸೆನ್ಸರೇ ಸುಳ್ಳು ಹೇಳ್ತಿದೆ” ಎಂದರು.

ಮೇಷ್ಟ್ರ ಮುಖ ಅರಳಿತು. ಮೂವತ್ತೈದು ವರ್ಷ ಹೇಳಿದ ಪಾಠಕ್ಕೆ ಗಿರಾಕಿ ಸಿಕ್ಕಿದ್ದ. “101 ಸಮುದ್ರದ ಮಟ್ಟದ ಲೆಕ್ಕ. ಅದು ಮಂಗಳೂರಿಗೆ. ನಾವಿರೋದು ಮೂರು ಸಾವಿರ ಅಡಿ ಮೇಲೆ. ನಮ್ಮ ತಲೆ ಮೇಲಿರೋ ಗಾಳಿಯ ಹೊರೆ ಅಷ್ಟು ಕಡಿಮೆ. ಹಾಸನದಲ್ಲಿ 90ರ ಆಸುಪಾಸು ಬಂತೂಂದ್ರೆ ಸೆನ್ಸರು ಸತ್ಯವಂತ ಅಂತ ಅರ್ಥ. 101 ತೋರಿಸಿದ್ರೇನೇ ಅನುಮಾನ ಪಡಬೇಕು.”

ಅಲ್ಲಿಂದ ಪಾದರಸಕ್ಕೆ ಹೋದರು. ಟೊರಿಚೆಲ್ಲಿಯ ಗಾಜಿನ ಕೊಳವೆಯಲ್ಲಿ 76 ಸೆಂಟಿಮೀಟರ್ ನಿಲ್ಲುವ ಪಾದರಸ ಬೆಟ್ಟ ಹತ್ತಿದರೆ ಇಳಿಯುತ್ತದೆಯೇ ಎಂದು ನೋಡಬೇಕೆನಿಸಿದ್ದು ಫ್ರಾನ್ಸಿನ ಪಾಸ್ಕಲ್‌ಗೆ. ತಾನು ಹತ್ತಲಿಲ್ಲ. ಅಕ್ಕನ ಗಂಡ ಪೆರಿಯೆಗೆ ಕಾಗದ ಬರೆದ. ಪೆರಿಯೆ 1648ರ ಸೆಪ್ಟೆಂಬರ್ 19ರಂದು ಪ್ಯೂಯ್ ದ ಡೋಮ್ ಬೆಟ್ಟದ ತುದಿಗೆ ಕೊಳವೆ ಹೊತ್ತುಕೊಂಡು ಹೋದ. ಪಾದರಸ ಸುಮಾರು 8 ಸೆಂಟಿಮೀಟರ್ ಇಳಿಯಿತು. ಬೆಟ್ಟದ ಬುಡದ ಮಠದಲ್ಲಿ ಇನ್ನೊಂದು ಕೊಳವೆ ಇಟ್ಟು, ಅದು ಅಲ್ಲಾಡುತ್ತದೋ ಎಂದು ನೋಡಲು ಒಬ್ಬ ಸನ್ಯಾಸಿಯನ್ನು ಇಡೀ ದಿನ ಕೂರಿಸಿದ್ದರು. “ಗಾಳಿಯ ಭಾರ ಅಳೆಯೋಕೆ ಭಾವನನ್ನು ಬೆಟ್ಟ ಹತ್ತಿಸಿದ. ಹೆಸರು ಮಾತ್ರ ಕಿಲೋ ಪಾಸ್ಕಲ್. ಕಿಲೋ ಪೆರಿಯೆ ಅಂತ ಯಾರಾದರೂ ಅಂದರೇ?” ಎಂದು ಮೇಷ್ಟ್ರು ನನ್ನ ಭಾವನ ಕಡೆ ನೋಡಿದರು. ಭಾವ ಕಾಫಿಗೆ ಒಳಗೆ ಹೋದರು.

ಈ ಲೆಕ್ಕ ತಲೆಗೆ ಹೋಗದೆ ಎಷ್ಟೋ ಜನ ಎಡವುತ್ತಾರೆ ಎಂದು ಆಮೇಲೆ ತಿಳಿಯಿತು. ಮೊಬೈಲಿನಲ್ಲಿ ಕಾಣುವುದು ಪೂರ್ತಿ ಒತ್ತಡ, ಹೊರಗಿನ ಗಾಳಿಯದೂ ಸೇರಿ. 210 ಎಂದು ಬಂದರೆ ಟರ್ಬೊ ದುಡಿದದ್ದು 210 ಅಲ್ಲ. ಅದರಲ್ಲಿ ಹಾಸನದ ಪಾಲು 90 ಕಳೆಯಬೇಕು, ಉಳಿದ 120 ಟರ್ಬೊವಿನ ಸಂಪಾದನೆ. ಅದೇ 210 ಮಂಗಳೂರಿನಲ್ಲಾದರೆ ಸಂಪಾದನೆ 109 ಮಾತ್ರ. ಪಿತ್ರಾರ್ಜಿತ ಬೇರೆ, ಸ್ವಯಾರ್ಜಿತ ಬೇರೆ. ಘಟ್ಟದ ಮೇಲೆ ಪಿತ್ರಾರ್ಜಿತ ಕಡಿಮೆಯಾದ್ದರಿಂದ ಟರ್ಬೊ ಹೆಚ್ಚು ದುಡಿಯಬೇಕು. ಸಣ್ಣ ಸೋರಿಕೆಯೊಂದು ಕರಾವಳಿಯಲ್ಲಿ ಮುಚ್ಚಿಕೊಂಡು ಹೋಗಿ ಘಟ್ಟದ ಏರಿನಲ್ಲಿ ಬಯಲಾಗುವುದಕ್ಕೆ ಇದೂ ಒಂದು ಕಾರಣ.

ಬೈಪಾಸಿನಲ್ಲಿ ರಸ್ತೆ ಖಾಲಿಯಿದ್ದಾಗ ಪರೀಕ್ಷೆ ಮಾಡಿದೆವು. ಮೂರನೇ ಗೇರು, 1,500 ಸುತ್ತು, ಅಲ್ಲಿಂದ ಒಮ್ಮೆಲೇ ಪೂರ್ತಿ ತುಳಿಯುವುದು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು, ಹಳೆಯ ಲಾಗ್ ಟೇಬಲ್ ಓದುವ ದನಿಯಲ್ಲಿ ಕೂಗುತ್ತಿದ್ದರು: “ತೊಂಬತ್ತೈದು... ನೂರಿಪ್ಪತ್ತು... ನೂರೈವತ್ತು... ಅಯ್ಯೋ, ನೂರಮೂವತ್ತು!” ಅದೇ ಕ್ಷಣಕ್ಕೆ ‘ಸ್ಸ್’. ಇಂಥ ಇಂಜಿನ್ ಪೂರ್ತಿ ತುಳಿದಾಗ 200 ದಾಟಬೇಕು. ನಮ್ಮದು 150ಕ್ಕೆ ಹೋಗಿ ಜಾರಿ ಬೀಳುತ್ತಿತ್ತು.

“ತಿದಿ ಊದ್ತಾ ಇದೆ ಕಣ್ರೀ” ಎಂದರು ಮೇಷ್ಟ್ರು. “ಸತ್ತಿದ್ರೆ 90ರಿಂದ ಮೇಲೇ ಏಳ್ತಿರಲಿಲ್ಲ. ಎದ್ದು ಬೀಳ್ತಿದೆ. ದಾರೀಲಿ ಎಲ್ಲೋ ಸೋರ್ತಿದೆ.”

ಊರ ಹೊರಗೆ ಹಳೆಯ ರೈಸ್ ಮಿಲ್ಲಿನ ಪಕ್ಕ ತಗಡಿನ ಶೆಡ್ಡಿನಲ್ಲಿ ಒಬ್ಬ ಸಾಬ್ರು ಡೀಸೆಲ್ ಗಾಡಿ ನೋಡುತ್ತಾರೆ. ಅವರ ಹತ್ತಿರವೂ ಸ್ಕ್ಯಾನರ್ ಇದೆ, ಆದರೆ ಕೊನೆಗೆ ತೆಗೆಯುತ್ತಾರೆ. ಮೊದಲು ಕಿವಿ. ಬಾನೆಟ್ ಎತ್ತಿ, ರೇಡಿಯೇಟರ್ ಫ್ಯಾನಿಗೂ ಸುಮ್ಮನಿರು ಎಂದು ಹೇಳುವವರ ಹಾಗೆ ಕೈ ಎತ್ತಿ, ಕೇಳಿಸಿಕೊಂಡರು. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದರು. ಧೂಳಿತ್ತು, ಆದರೆ ಉಸಿರು ಕಟ್ಟುವಷ್ಟಿರಲಿಲ್ಲ. ಫಿಲ್ಟರಿನ ಹಿಂದಿನ ಪೈಪ್ ಬಿಚ್ಚಿ, ಟರ್ಬೊವಿನ ಬಾಯೊಳಗೆ ಎರಡು ಬೆರಳು ಹಾಕಿ, ಆ ಪುಟ್ಟ ಚಕ್ರವನ್ನು ತಿರುಗಿಸಿದರು. ಸದ್ದಿಲ್ಲದೆ ತಿರುಗಿತು. ಅಕ್ಕಪಕ್ಕಕ್ಕೆ ಅಲ್ಲಾಡಿಸಿದರು, ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿದರು.

“ಪಕ್ಕಕ್ಕೆ ಒಂಚೂರು ಆಡಬೇಕು ಸಾರ್, ಆಯಿಲ್ ಮೇಲೆ ತೇಲೋ ಸಾಮಾನು ಇದು. ಹಿಂದೆ ಮುಂದೆ ಆಡಬಾರದು, ಗೋಡೆಗೆ ಉಜ್ಜಬಾರದು. ಎರಡೂ ಇಲ್ಲ. ಟರ್ಬೊ ಚೆನ್ನಾಗಿದೆ. ಯಾರು ಹೋಗಿದೆ ಅಂದಿದ್ದು?”

ನಾನು 70 ಸಾವಿರದ ಚೀಟಿ ತೋರಿಸಿದೆ. ಅವರು ಅದರಲ್ಲಿ ಕೈಯ ಗ್ರೀಸ್ ಒರೆಸಿಕೊಂಡರು. ಬೇಕೆಂದೇ ಮಾಡಿದರೋ, ಅದೂ ಒಂದು ಕಾಗದ ಎಂದುಕೊಂಡರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಅವರು ತೆಗೆದ ಉಪಕರಣ ನೋಡಿ ಮೇಷ್ಟ್ರು ಎರಡು ದಿನ ಹಾಡಿ ಹೊಗಳಿದರು. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಿವಿಸಿ ಮುಚ್ಚಳ. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದ್ದರು. ಟರ್ಬೊವಿನ ಬಾಯಿಗೆ ಆ ಮುಚ್ಚಳ ಹಾಕಿ ಕ್ಲಿಪ್ ಬಿಗಿದು, ಪಂಚರ್ ಅಂಗಡಿಯ ಹಾಗೆ ಗಾಳಿ ಬಿಟ್ಟರು. ಟೈರಿಗೆ 32 ತುಂಬುವ ಕಡೆ ಇಲ್ಲಿ 15 ಪೌಂಡ್ ಮಾತ್ರ. ಹೆಚ್ಚಾದರೆ ಸೋರದ ಕಡೆಯೂ ಸೋರುವ ಹಾಗಾಗುತ್ತದೆ. ಹುಡುಗನೊಬ್ಬ ಸೋಪಿನ ನೀರು ಬಳಿಯುತ್ತಾ ಬಂದ. ಇಂಜಿನ್ನಿನ ಒಳಗಿನಿಂದ, ಆಯಿಲ್ ಮುಚ್ಚಳದ ಕಡೆಯಿಂದ ಸಣ್ಣ ಸದ್ದು ಬಂತು. ಅದು ತೆರೆದಿರುವ ವಾಲ್ವ್‌ಗಳ ಮೂಲಕ ನುಸುಳುವ ಗಾಳಿ, ಲೆಕ್ಕಕ್ಕಿಲ್ಲ ಎಂದರು. ಇಂಟರ್‌ಕೂಲರಿನಿಂದ ಇಂಜಿನ್ನಿಗೆ ಹೋಗುವ ದಪ್ಪ ಪೈಪಿನ ಕೆಳಮೈಯಲ್ಲಿ, ಕ್ಲಿಪ್ಪಿನ ಅಂಚಿಗೆ, ಕೈ ಕನ್ನಡಿ ಹಿಡಿದರೆ ಮಾತ್ರ ಕಾಣುವ ಜಾಗದಲ್ಲಿ ನೊರೆ ಗುಳ್ಳೆ ಗುಳ್ಳೆಯಾಗಿ ಎದ್ದಿತು.

ಬಿಚ್ಚಿ ಕೈಗೆ ಕೊಟ್ಟರು. ಹಿಡಿದು ನೋಡಿದರೆ ಏನೂ ಇಲ್ಲ. ಬಗ್ಗಿಸಿದರೆ ಎರಡಿಂಚು ಬಾಯಿ ಬಿಟ್ಟಿತು. ನೆಂಟರು ಬಂದಾಗ ಮಾತ್ರ ಬಾಯಿ ಬಿಡುವ ಮಗುವಿನ ಹಾಗೆ, ಒತ್ತಡ ಬಿದ್ದಾಗ ಮಾತ್ರ ತೆರೆಯುವ ಸೀಳು. ನಿಂತಲ್ಲಿ ಇಂಜಿನ್ ಗುರುಗುಟ್ಟಿಸಿದರೆ ಅದು ಯಾಕೆ ಸಿಗುತ್ತದೆ? ಹೊರೆ ಬಿದ್ದರೆ ತಾನೇ ಒತ್ತಡ. ಸೀಳಿನ ಸುತ್ತ ಕಪ್ಪು ಜಿಡ್ಡು ಹರಡಿತ್ತು. ಈ ಪೈಪುಗಳ ಒಳಗೆ ತೆಳುವಾದ ಎಣ್ಣೆ ಪಸೆ ಇರುವುದು ಸಹಜ, ಹೊರಗೆ ಕಂಡಲ್ಲಿ ಗಾಳಿ ಓಡಿಹೋಗುತ್ತಿದೆ ಎಂದೇ ಅರ್ಥ.

ಹೊಗೆಯ ಗುಟ್ಟೂ ಇಲ್ಲೇ ಇತ್ತು. ಗಾಳಿಯನ್ನು ಎಣಿಸುವ ಸೆನ್ಸರೊಂದು ಫಿಲ್ಟರಿನ ಹತ್ತಿರ, ಹೆಬ್ಬಾಗಿಲಲ್ಲಿ ಇರುತ್ತದೆ. ಅದು ಇಷ್ಟು ಜನ ಒಳಗೆ ಬಂದರು ಎಂದು ಅಡುಗೆಯವರಿಗೆ ಹೇಳುತ್ತದೆ. ಅಡುಗೆಯವರು ಅಷ್ಟಕ್ಕೆ ಅನ್ನ ಬೇಯಿಸುತ್ತಾರೆ. ಬಂದವರಲ್ಲಿ ಅರ್ಧ ಜನ ಪಂಕ್ತಿಗೆ ಕೂರದೆ ಹಿತ್ತಲ ಬಾಗಿಲಿನಿಂದ ಹೊರಟರೆ? ಅನ್ನ ಮಿಗುತ್ತದೆ. ಇಂಜಿನ್ನಿನಲ್ಲಿ ಮಿಕ್ಕ ಡೀಸೆಲ್ಲೇ ಕಪ್ಪು ಹೊಗೆ. ಕೊನೆಗೆ ಯಜಮಾನ, ಅಂದರೆ ಇಂಜಿನ್ನಿನ ಕಂಪ್ಯೂಟರು, ಲೆಕ್ಕ ತಾಳೆಯಾಗದೆ ಒಲೆಯನ್ನೇ ಸಣ್ಣ ಮಾಡಿಸುತ್ತಾನೆ. ಹಳದಿ ದೀಪ ಹತ್ತಿದ ಮೇಲೆ ಕಾರು ಕುಂಟುವುದು ಹಾಗೆ. ಕೀಲಿ ತೆಗೆದು ಹಾಕಿದರೆ ಅವನಿಗೆ ಮರೆವು, ಎರಡು ತಿರುವು ಮತ್ತೆ ದೊಡ್ಡ ಅಡುಗೆ.

ನಾನು ಪರ್ಸ್ ತೆಗೆದೆ. ಸಾಬ್ರು “ಇರಿ ಸಾರ್” ಎಂದರು. “ಒಬ್ಬ ಕಳ್ಳ ಸಿಕ್ಕಿದ ಅಂತ ಮನೆ ಬಾಗಿಲು ಹಾಕ್ಕೊಂಡು ಮಲಗಬಾರದು.”

ಟರ್ಬೊ ಬೇಕಾಬಿಟ್ಟಿ ಊದದ ಹಾಗೆ ಅದಕ್ಕೊಂದು ಕಡಿವಾಣವಿರುತ್ತದೆ. ಕೆಲವು ಗಾಡಿಗಳಲ್ಲಿ ಅದು ವೇಸ್ಟ್‌ಗೇಟ್ ಎಂಬ ಕಿಂಡಿ, ತೂಬು ಎತ್ತಿದ ಹಾಗೆ ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಟ್ಟುಬಿಡುತ್ತದೆ. ನನ್ನದರಲ್ಲಿ ಟರ್ಬೊ ಚಕ್ರದ ಸುತ್ತ ಸಣ್ಣ ಸಣ್ಣ ರೆಕ್ಕೆಗಳಿವೆ. ಅವು ಮುಚ್ಚಿಕೊಂಡರೆ ಹೊಗೆ ಇಕ್ಕಟ್ಟಿನಲ್ಲಿ ರಭಸವಾಗಿ ನುಗ್ಗುತ್ತದೆ, ಇಂಜಿನ್ ನಿಧಾನವಿದ್ದರೂ ಚಕ್ರ ಜೋರಾಗಿ ತಿರುಗುತ್ತದೆ. ಹರಿಯುವ ನಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ. ಈ ರೆಕ್ಕೆಗಳನ್ನು ಎಳೆಯುವುದು ಒಂದು ಕಡ್ಡಿ. ಕಡ್ಡಿಯನ್ನು ಎಳೆಯುವುದು ವ್ಯಾಕ್ಯೂಮ್, ಅದು ಬರುವುದು ಪೆನ್ಸಿಲ್ ಗಾತ್ರದ ರಬ್ಬರ್ ಪೈಪಿನಲ್ಲಿ. ಇಂಜಿನ್ ಸ್ಟಾರ್ಟ್ ಆದ ತಕ್ಷಣ ಕಡ್ಡಿ ಸರಕ್ಕನೆ ಎಳೆದುಕೊಳ್ಳಬೇಕು. ನನ್ನ ಕಾರಿನಲ್ಲಿ ಅದು ಭಾನುವಾರ ಬೆಳಿಗ್ಗೆ ಏಳುವ ಮಗನ ಹಾಗೆ ಎದ್ದಿತು, ಅರ್ಧಕ್ಕೆ.

ಸಾಬ್ರು ಪೈಪ್ ಬಿಚ್ಚಿ, ಕೈಪಂಪು ಸಿಕ್ಕಿಸಿ ಎಳೆದರು. ಕಡ್ಡಿ ಪೂರ್ತಿ ಬಂತು, ಬಂದಲ್ಲೇ ನಿಂತಿತು. ಕಡ್ಡಿಯೂ ಸರಿ, ಅದರ ಡಬ್ಬಿಯ ಪೊರೆಯೂ ಸರಿ. ಪೇಟೆಯಲ್ಲೇ ಉರುಳಾಡುವ ಕಾರುಗಳಲ್ಲಿ ಮಸಿ ಕಟ್ಟಿ ರೆಕ್ಕೆ ಮುಚ್ಚಿದಲ್ಲೇ ಅಂಟಿಕೊಳ್ಳುವುದುಂಟಂತೆ. ಆಗ ಬೂಸ್ಟ್ ಮಿತಿ ಮೀರಿ ಮೇಲೆ ಹೇಳಿದ ‘ಅಣ್ಣ’ನ ಕೋಡ್ ಬರುತ್ತದೆ. ನಮ್ಮದು ಅದಲ್ಲ. ಹಾಗಾದರೆ ಪೈಪು. ಬೆರಳಲ್ಲಿ ಸವರುತ್ತಾ ಹೋಗಿ, ಬ್ಯಾಟರಿಯ ಹಿಂದೆ ನಿಂತರು. ನಾಲ್ಕು ಪುಟ್ಟ ಹಲ್ಲಿನ ಗುರುತು.

“ಇಲಿ” ಎಂದರು. “ಮನೆ ಹತ್ರ ಹೂವಿನ ಬೇಲಿ ಇದೆಯಾ?”

ನಾನು ಮೇಷ್ಟ್ರನ್ನು ನೋಡಿದೆ. ಮೇಷ್ಟ್ರು ರೈಸ್ ಮಿಲ್ಲನ್ನು ನೋಡಿದರು. ಅವರ ಕಡೆಯ ಬೇಲಿಯ ಬುಡದಲ್ಲಿ ದಿನಾ ಸಂಜೆ ಗುಬ್ಬಚ್ಚಿಗೆಂದು ನುಚ್ಚು ಹಾಕುವವರು ಅವರೇ.

ದಪ್ಪ ಪೈಪು, ಎರಡು ಹೊಸ ಕ್ಲಿಪ್ಪು, ಒಂದು ಮೀಟರ್ ವ್ಯಾಕ್ಯೂಮ್ ಪೈಪು, ಕೂಲಿ ಎಲ್ಲ ಸೇರಿ 3,200 ರೂಪಾಯಿ. ಪೈಪು ಆ ದಿನ ಸಿಗದೆ ಮಾರನೇ ದಿನ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂತು. ನಿಜವಾಗಿ ಟರ್ಬೊ ಸಾಯುವುದು ಯಾವಾಗ ಎಂದು ಕೇಳಿದೆ. “ಆಯಿಲ್” ಎಂದರು ಸಾಬ್ರು, ಒಂದೇ ಮಾತು. ಆಮೇಲೆ ಬಿಡಿಸಿದರು: ಹೊತ್ತಿಗೆ ಬದಲಾಯಿಸದ ಆಯಿಲ್, ಸಾಲದ ಆಯಿಲ್, ಮತ್ತು ಘಾಟಿ ಹತ್ತಿ ಬಂದವರು ಧಗಧಗ ಕಾದ ಇಂಜಿನ್ನನ್ನು ಫಕ್ಕನೆ ಬಂದ್ ಮಾಡಿ ಚಹಾಕ್ಕೆ ಓಡುವುದು. ಆಯಿಲಿನ ಹರಿವು ನಿಂತು, ಇದ್ದದ್ದು ಅಲ್ಲೇ ಸುಟ್ಟು ಕರಿಕಾಗುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಕಿವಿಗೆ ಸೈರನ್ನಿನಂಥ ಕೂಗು, ಇವೆರಡೂ ಬಂದರೆ ಆಗ ಟರ್ಬೊ ಮೇಲೆ ಅನುಮಾನ ಪಡಿ. ಏರು ಹತ್ತಿದ ಮೇಲೆ ಒಂದು ನಿಮಿಷ ಹಾಗೇ ಗುರುಗುಟ್ಟಲು ಬಿಡಿ. “ಓಡಿ ಬಂದ ಕುದುರೇನ ಕೂಡಲೇ ಕಟ್ಟಿ ಹಾಕ್ತಾರಾ ಸಾರ್?”

ಭಾನುವಾರ ಮೇಷ್ಟ್ರನ್ನು ಕೂರಿಸಿಕೊಂಡು ಶಿರಾಡಿಗೇ ಹೋದೆ. ಪರೀಕ್ಷೆ ಎಂಬುದು ನೆಪ. ಅವರಿಗೆ ಪೆರಿಯೆಯ ಪ್ರಯೋಗವನ್ನು ತಿರುಗಾಮುರುಗಾ ಮಾಡಬೇಕಿತ್ತು. ಸಕಲೇಶಪುರ ದಾಟಿ ಒಂದು ಕಡೆ ಇಂಜಿನ್ ನಿಲ್ಲಿಸಿ ನೋಡಿದಾಗ 91. ಘಾಟಿಯ ನಡುವೆ ಜಾಗ ಸಿಕ್ಕಲ್ಲಿ 95. ಗುಂಡ್ಯದಲ್ಲಿ 100. ಪ್ರತಿ ಸಲವೂ ಜೇಬಿನ ಡೈರಿಯಲ್ಲಿ ಬರೆದುಕೊಂಡರು, ಗಂಟೆ ನಿಮಿಷ ಸಮೇತ. ಮನೆಗೆ ಮತ್ತೆ ಬಂದಿದ್ದ ಮೊಮ್ಮಗನಿಗೆ ಫೋನಿನ ಬಾರೋಮೀಟರ್ ನೋಡುತ್ತಾ ಕೂರಲು ಹೇಳಿ ಬಂದಿದ್ದರಂತೆ, ಮಠದ ಸನ್ಯಾಸಿಯ ಹಾಗೆ. ಹುಡುಗ ಕ್ರಿಕೆಟ್ ಆಡಲು ಹೋಗಿದ್ದನೆಂದು ಸಂಜೆ ತಿಳಿಯಿತು.

ಗುಂಡ್ಯದಿಂದ ತಿರುಗಿಸಿದೆವು. ಮೂರನೇ ಗೇರು, ಪೂರ್ತಿ ತುಳಿತ. “ನೂರೈವತ್ತು... ನೂರೆಂಬತ್ತು... ಇನ್ನೂರ ಎಂಟು... ನಿಂತಿದೆ ಕಣ್ರೀ, ಅಲ್ಲಾಡ್ತಾ ಇಲ್ಲ!” ಹೊಗೆಯಿಲ್ಲ, ‘ಸ್ಸ್’ ಇಲ್ಲ. ಮುಂದೆ ಒಂದು ಬುಲೆಟ್ ಟ್ಯಾಂಕರ್ ಹೋಗುತ್ತಿತ್ತು. ಅದೇ ಟ್ಯಾಂಕರ್ ಎಂದು ಹೇಳಲಾರೆ, ಆದರೂ ನೇರ ರಸ್ತೆ ಸಿಕ್ಕಿದ ಕೂಡಲೇ ಹಾರ್ನ್ ಹೊಡೆದು ದಾಟಿದೆ. ಮೇಷ್ಟ್ರು ಕಿಟಕಿಯಿಂದ ಕೈ ಬೀಸಿದರು.

ಮನೆ ಸೇರಿದ ಮೇಲೆ ಒಂದು ನಿಮಿಷ ಇಂಜಿನ್ ಆಡಲು ಬಿಟ್ಟು ಕೂತೆವು. ಅಮ್ಮ ಹೊರಗೆ ಬಂದು, ಚಕ್ರ ನೋಡಿ, ತೃಪ್ತಿಯಿಂದ “ನಿಂಬೆಹಣ್ಣು ಒಳ್ಳೇದು ಮಾಡ್ತು” ಎಂದರು. ಮೇಷ್ಟ್ರು ಇಳಿಯುವಾಗ ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಹಳೆಯ ಪೈಪನ್ನು ಕೇಳಿ ತೆಗೆದುಕೊಂಡರು. ಯಾವ ಪ್ರಯೋಗಕ್ಕೋ ಎಂದು ನಾನೂ ವಿಚಾರಿಸಲಿಲ್ಲ.

ಮಾರನೇ ಬೆಳಿಗ್ಗೆ ಬೇಲಿಯ ಹತ್ತಿರ ಹೋದರೆ, ಸೀಳಿದ ಭಾಗ ಕತ್ತರಿಸಿ ಉಳಿದ ತುಂಡನ್ನು ಆ ಕಬ್ಬಿಣದ ಕಂಬದ ತಲೆಗೆ ಕೂರಿಸಿದ್ದರು. ಸಾಬ್ರ ಹಳೆಯ ಕ್ಲಿಪ್ಪೇ ಬಿಗಿದಿತ್ತು. ಮೊಣಕೈ ಊರಿ ನೋಡಿದೆ. ಮೆತ್ತಗಿತ್ತು. ಹೂಬುಟ್ಟಿ ಕೆಳಗಿಟ್ಟು ಮೇಷ್ಟ್ರೂ ಆ ಕಡೆಯಿಂದ ಊರಿದರು. ಒಳಗಿನಿಂದ ತಿಂಡಿಗೆ ಎರಡು ಸಲ ಕರೆದದ್ದು ಕೇಳಿಸಿತು. ಮೇಷ್ಟ್ರು ಆಗಲೇ ಕುಕ್ಕರಿನ ವಿಷಲ್‌ಗೂ ವೇಸ್ಟ್‌ಗೇಟಿಗೂ ಇರುವ ಸಂಬಂಧಕ್ಕೆ ಬಂದಿದ್ದರು.